ಹದಿನೈದು ಡಾಲರಿನ ಹಾಡು: ಯಿಡ್ಡಿಷ್ ನಾಟಕದಿಂದ ಬ್ರಾಡ್‌ವೇವರೆಗೆ

1937ರಲ್ಲಿ ನ್ಯೂಯಾರ್ಕಿನ ಸಂಗೀತ ಸಂಯೋಜಕ ಶೋಲೊಮ್ ಸೆಕುಂಡಾ ತಮ್ಮ ಒಂದು ಹಾಡಿನ ಪೂರ್ತಿ ಹಕ್ಕನ್ನು ಪ್ರಕಾಶಕರಿಗೆ 30 ಡಾಲರಿಗೆ ಮಾರಿದರು. ಸಾಹಿತ್ಯ ಬರೆದ ಜೇಕಬ್ ಜೇಕಬ್ಸ್ ಅವರಿಗೆ ಅದರಲ್ಲಿ ಅರ್ಧ ಪಾಲು. ಸೆಕುಂಡಾ ಕೈಗೆ ಬಂದದ್ದು 15 ಡಾಲರ್ ಮಾತ್ರ. ಐದು ವರ್ಷ ಹಿಂದೆ ಬ್ರೂಕ್ಲಿನ್‌ನಲ್ಲಿ ಆಡಿದ ಒಂದು ಯಿಡ್ಡಿಷ್ ಸಂಗೀತ ನಾಟಕಕ್ಕೆ ಮಾಡಿದ ಹಾಡು ಅದು. ನಾಟಕ ಮುಗಿದುಹೋಗಿತ್ತು, ಹಾಡು ಹಳೆಯದಾಗಿತ್ತು, ಬಂದಷ್ಟು ಬರಲಿ ಎಂದು ಕೊಟ್ಟುಬಿಟ್ಟರು.

ಆದರೆ ಸ್ಯಾಮಿ ಕಾನ್ ಎಂಬ ಗೀತರಚನೆಕಾರ ಅದೇ ಹಾಡನ್ನು ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಕೇಳಿದ್ದರು. ಹಾಡುತ್ತಿದ್ದವರು ಇಬ್ಬರು ಕಪ್ಪು ಗಾಯಕರು, ಅದೂ ಯಿಡ್ಡಿಷ್ ಭಾಷೆಯಲ್ಲೇ. ಮಾತು ಅರ್ಥವಾಗದ ಪ್ರೇಕ್ಷಕರು ತಾಳ ಹಾಕಿ ಕುಣಿಯುತ್ತಿದ್ದರು. ಕಾನ್ ಮತ್ತು ಅವರ ಜೊತೆಗಾರ ಸಾಲ್ ಚಾಪ್ಲಿನ್ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಮಾಡಿದರು. ಆಂಡ್ರೂಸ್ ಸಿಸ್ಟರ್ಸ್ ಎಂಬ ಮೂವರು ಸಹೋದರಿಯರು 1937ರ ಕೊನೆಯಲ್ಲಿ ಅದನ್ನು ರೆಕಾರ್ಡ್ ಮಾಡಿದರು. 'ಬೈ ಮಿರ್ ಬಿಸ್ಟ್ ದು ಶೇನ್' ಎಂಬ ಆ ಹಾಡು, ಅಂದರೆ 'ನನ್ನ ಕಣ್ಣಿಗೆ ನೀನು ಚೆಂದ', ಅಮೆರಿಕವನ್ನು ದಾಟಿ ಯುರೋಪಿಗೂ ಹರಡಿತು. ಮುಂದಿನ ವರ್ಷಗಳಲ್ಲಿ ಅದು ದುಡಿದದ್ದು ಸುಮಾರು 30 ಲಕ್ಷ ಡಾಲರ್ ಎಂದು ಅಂದಾಜು. ಮೊದಲ ಕಾಪಿರೈಟ್ ಅವಧಿ ಮುಗಿದು 1961ರಲ್ಲಿ ಹಕ್ಕು ಮತ್ತೆ ಮೂಲ ಕರ್ತೃಗಳ ಕೈಗೆ ಬರುವವರೆಗೆ ಸೆಕುಂಡಾ ಆ ಹಾಡನ್ನು ಬೇರೆಯವರ ಆಸ್ತಿಯಾಗಿಯೇ ಕೇಳಬೇಕಾಯಿತು.

ನಮ್ಮ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಕಾಪಿರೈಟ್ ಎಂದರೆ ಅಮೂರ್ತ ಆಸ್ತಿ ಎಂದು ಒಂದೇ ಸಾಲು ಇದೆ. ಆ ಸಾಲಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ನಾನು ಬರೆಯಲು ಹೊರಟದ್ದು ಆ ಲೆಕ್ಕವನ್ನಲ್ಲ. ಇಂಗ್ಲಿಷ್ ಬಾರದ ಬಡವರ ಮನರಂಜನೆ ಎಂದು ಓದಿದವರು ಮೂಗು ಮುರಿಯುತ್ತಿದ್ದ ಒಂದು ರಂಗಭೂಮಿಯ ಹಾಡು ಜಗತ್ತಿನ ಅತ್ಯಂತ ದುಬಾರಿ ರಂಗಭೂಮಿಯಾದ ಬ್ರಾಡ್‌ವೇಗೆ ಹೇಗೆ ಹೋಯಿತು ಎಂಬುದನ್ನು.

ಯಹೂದಿ ಎಂಬ ಪದ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಟಿವಿಯ ಯುದ್ಧದ ಸುದ್ದಿ ನೆನಪಾಗುತ್ತದೆ. ಗಾಜಾದ ಮಕ್ಕಳ ಚಿತ್ರ ನೋಡಿ ನಮ್ಮ ಮನೆಯಲ್ಲೂ ಊಟ ಸೇರದ ದಿನಗಳಿವೆ. ಆ ನೋವು ಬೇರೆ ಮಾತು, ಅದನ್ನು ಮರೆಸಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಒಂದು ಸರಕಾರದ ಸುದ್ದಿಯಿಂದ ಸಾವಿರ ವರ್ಷದ ಒಂದು ಜನಸಂಸ್ಕೃತಿಯನ್ನು ಅಳೆಯಲಾಗುವುದಿಲ್ಲ. ಇನ್ನೊಂದು ವಿಷಯ: ಇಸ್ರೇಲ್ ಸ್ಥಾಪನೆಯಾದ ಮೊದಲ ವರ್ಷಗಳಲ್ಲಿ ಅಲ್ಲಿನ ಯಿಡ್ಡಿಷ್ ನಾಟಕ ತಂಡಗಳಿಗೇ ನಿರ್ಬಂಧ ಹಾಕಿದ್ದರು. ಹೊಸ ದೇಶಕ್ಕೆ ಹೀಬ್ರೂ ಸಾಕು, ಯಿಡ್ಡಿಷ್ ಬೇಡ ಎಂಬ ವಾದ.

ಹಾಗಾದರೆ ಯಿಡ್ಡಿಷ್ ಎಂದರೇನು? ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಮೂಲ ಹಳೆಯ ಜರ್ಮನ್, ಅದರೊಳಗೆ ಹೀಬ್ರೂ, ಅರಮೇಯಿಕ್ ಪದಗಳು, ಪೋಲಿಷ್ ಮತ್ತು ರಷ್ಯನ್ ಕಡೆಯ ಪದಗಳು. ಬರೆಯುವುದು ಹೀಬ್ರೂ ಅಕ್ಷರದಲ್ಲಿ, ಬಲದಿಂದ ಎಡಕ್ಕೆ. ಪೂಜೆಗೆ, ಶಾಸ್ತ್ರಕ್ಕೆ ಹೀಬ್ರೂ. ಅಡುಗೆಮನೆಗೆ, ಸಂತೆಗೆ, ಜಗಳಕ್ಕೆ, ಜೋಗುಳಕ್ಕೆ ಯಿಡ್ಡಿಷ್. ಹತ್ತೊಂಬತ್ತನೆಯ ಶತಮಾನದ ಸುಧಾರಣಾವಾದಿ ಯಹೂದಿ ವಿದ್ವಾಂಸರು ಅದನ್ನು 'ಜಾರ್ಗನ್' ಎಂದು ಕರೆಯುತ್ತಿದ್ದರು, ಅಂದರೆ ಕೆಟ್ಟುಹೋದ ಭಾಷೆ.

ಇದನ್ನು ಓದುವಾಗ ನನಗೆ ನಮ್ಮ ಮನೆಯ ಉರ್ದು ನೆನಪಾಯಿತು. ನಾವು ಆಡುವುದು ಪುಸ್ತಕದ ಉರ್ದುವಲ್ಲ, ದಖ್ಖನಿ. 'ನಕ್ಕೋ' ಎಂದರೆ ಉತ್ತರದವರಿಗೆ ನಗು ಬರುತ್ತದೆ. ನಮ್ಮ ಭಾಷೆಯಲ್ಲಿ ಕನ್ನಡ, ತೆಲುಗು, ಮರಾಠಿ ಎಲ್ಲ ಸೇರಿಕೊಂಡಿವೆ, ಯಿಡ್ಡಿಷಿನಲ್ಲಿ ಪೋಲಿಷ್ ಸೇರಿಕೊಂಡ ಹಾಗೆ. ಉರ್ದುವಿಗೂ ಯಹೂದಿಗಳಿಗೂ ನೇರವಾದ ಒಂದು ನಂಟೂ ಇದೆ. ಲಖನೌನ ಆಗಾ ಹಸನ್ ಅಮಾನತ್ ಬರೆದ 'ಇಂದರ್ ಸಭಾ' ಉರ್ದುವಿನ ಮೊದಲ ದೊಡ್ಡ ಸಂಗೀತ ನಾಟಕ, ಪಾರ್ಸಿ ಕಂಪನಿಗಳು ಊರೂರಿಗೆ ಒಯ್ದು ಆಡಿದ್ದು. ಅದರ ಉರ್ದು ಪಾಠವನ್ನೇ ಹೀಬ್ರೂ ಅಕ್ಷರದಲ್ಲಿ ಬರೆದ ಒಂದು ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಭಾರತಕ್ಕೆ ಬಂದು ನೆಲೆಸಿದ ಬಗ್ದಾದಿ ಯಹೂದಿಗಳ ವಲಯದ್ದು ಅದು. ಅವರಿಗೆ ಉರ್ದು ಹಾಡು ಬೇಕಿತ್ತು, ಆದರೆ ಓದಲು ಬರುತ್ತಿದ್ದದ್ದು ತಮ್ಮ ಲಿಪಿ.

ಈಗ ಯುರೋಪಿಗೆ ಹೋಗೋಣ. ಯಹೂದಿಗಳಲ್ಲಿ ಬಹುಕಾಲ ನಾಟಕ ಎಂದರೆ ವರ್ಷಕ್ಕೊಮ್ಮೆ ಪೂರಿಮ್ ಹಬ್ಬದಲ್ಲಿ ಆಡುವ ಆಟ ಅಷ್ಟೆ. ಗಂಡಸು ಹೆಣ್ಣಿನ ವೇಷ ಹಾಕುವುದನ್ನೂ, ಹೆಣ್ಣು ಗಂಡಸರ ಮುಂದೆ ಹಾಡುವುದನ್ನೂ ಹಿರಿಯರು ಒಪ್ಪುತ್ತಿರಲಿಲ್ಲ. ಹಬ್ಬದ ದಿನ ಮಾತ್ರ ವೇಷಕ್ಕೆ ಮಾಫಿ. ಇದು ಬಿಟ್ಟರೆ ಬ್ರೋಡಿ ಎಂಬ ಊರಿನ ಹೆಸರಿನಿಂದ 'ಬ್ರೋಡರ್ ಗಾಯಕರು' ಎನಿಸಿಕೊಂಡ ಕೆಲವರು ಛತ್ರ, ಹೋಟೆಲುಗಳಲ್ಲಿ ವೇಷ ಹಾಕಿ ಹಾಡುತ್ತಿದ್ದರು. 1876ರಲ್ಲಿ ರೊಮೇನಿಯಾದ ಯಾಶ್ ಪಟ್ಟಣದಲ್ಲಿ ಶಿಮೆನ್ ಮಾರ್ಕ್ ಎಂಬವರ ವೈನ್ ತೋಟದಲ್ಲಿ (ಗುರುಗಳು ಕ್ಷಮಿಸಬೇಕು, ಚರಿತ್ರೆ ಅಲ್ಲೇ ಶುರುವಾಗುತ್ತದೆ) ಆವ್ರೋಮ್ ಗೋಲ್ಡ್‌ಫಾಡೆನ್ ಎಂಬ ಕವಿ ಇಂಥ ಗಾಯಕರನ್ನು ಸೇರಿಸಿದರು. ಬಿಡಿ ಹಾಡುಗಳ ಮಧ್ಯೆ ಮಾತು ಸೇರಿಸಿ ಕಥೆಯಾಗಿ ಜೋಡಿಸಿದರು. ವೃತ್ತಿಪರ ಯಿಡ್ಡಿಷ್ ರಂಗಭೂಮಿ ಅಲ್ಲಿ ಹುಟ್ಟಿತು. ಮೊದಮೊದಲು ಕಥೆಯ ಹಂದರ ಮಾತ್ರ ಹೇಳಿಕೊಡುತ್ತಿದ್ದರು, ಮಾತು ನಟರೇ ಆಡಿಕೊಳ್ಳಬೇಕು. ಸ್ವಲ್ಪ ಕಾಲದಲ್ಲೇ ನಟಿಯರೂ ಬಂದರು.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಹಾಡು ಮೊದಲು ಬಂತು, ನಾಟಕ ಆಮೇಲೆ. ಹಾಡುಗಾರರಿಗಾಗಿ ನಾಟಕ ಹುಟ್ಟಿತು. ಗೋಲ್ಡ್‌ಫಾಡೆನ್‌ಗೆ ಸಂಗೀತದ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಪ್ರಾರ್ಥನಾ ಮಂದಿರದ ರಾಗ, ಇಟಾಲಿಯನ್ ಆಪೆರಾ, ಉಕ್ರೇನಿನ ಜನಪದ, ಕಿವಿಗೆ ಬಿದ್ದದ್ದನ್ನೆಲ್ಲ ತೆಗೆದುಕೊಂಡರು. 'ಶುಲಾಮಿಸ್' ಎಂಬ ಅವರ ನಾಟಕದ ಒಣದ್ರಾಕ್ಷಿ, ಬಾದಾಮಿಯ ಜೋಗುಳ ಎಷ್ಟು ಮನೆಗಳಲ್ಲಿ ಹರಡಿತೆಂದರೆ, ಅದು ನಾಟಕದ ಹಾಡು ಎಂಬುದೇ ಮರೆತು ಅಜ್ಜಿಯರ ಕಾಲದ್ದು ಎಂದು ತಾಯಂದಿರು ಹಾಡತೊಡಗಿದರು.

1881ರಲ್ಲಿ ರಷ್ಯಾದ ತ್ಸಾರ್ ಎರಡನೆಯ ಅಲೆಕ್ಸಾಂಡರ್ ಕೊಲೆಯಾದ ಮೇಲೆ ಯಹೂದಿಗಳ ಮೇಲೆ ದೊಂಬಿ ಶುರುವಾಯಿತು. 1883ರಲ್ಲಿ ರಷ್ಯಾ ಯಿಡ್ಡಿಷ್ ನಾಟಕವನ್ನೇ ನಿಷೇಧಿಸಿತು. ನಟರು ಲಂಡನ್ನಿಗೆ, ಅಲ್ಲಿಂದ ನ್ಯೂಯಾರ್ಕಿಗೆ ಹಡಗು ಹತ್ತಿದರು. ಪ್ರೇಕ್ಷಕರೂ ಹತ್ತಿದರು. 1881ರಿಂದ, ಅಮೆರಿಕ ವಲಸೆಗೆ ಕಡಿವಾಣ ಹಾಕಿದ 1924ರವರೆಗೆ, ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ಹೋದ ಯಹೂದಿಗಳ ಸಂಖ್ಯೆ 20 ಲಕ್ಷ ಮೀರುತ್ತದೆ.

ನ್ಯೂಯಾರ್ಕಿನ ಮೊದಲ ಯಿಡ್ಡಿಷ್ ನಾಟಕ 1882ರದು, ಗೋಲ್ಡ್‌ಫಾಡೆನ್ ಬರೆದದ್ದೇ. ಅದನ್ನು ಮಾಡಿಸಲು ಓಡಾಡಿದವರು ಬೋರಿಸ್ ಥೊಮಾಷೆಫ್‌ಸ್ಕಿ. ಸಿಗಾರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ವಯಸ್ಸು ಹದಿನಾಲ್ಕರ ಆಸುಪಾಸು. ನಮ್ಮ ಪ್ರಥಮ ಪಿಯುಸಿಗಿಂತಲೂ ಚಿಕ್ಕವನು! ಮುಂದೆ ಅವರೇ ಆ ರಂಗಭೂಮಿಯ ಅತಿ ದೊಡ್ಡ ತಾರೆಯಾದರು.

ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ, ಮುಂದೆ ಸೆಕೆಂಡ್ ಅವೆನ್ಯೂ ಉದ್ದಕ್ಕೆ, ಯಿಡ್ಡಿಷ್ ಥಿಯೇಟರುಗಳು ಸಾಲಾಗಿ ನಿಂತವು. ಹಚಿನ್ಸ್ ಹ್ಯಾಪ್‌ಗುಡ್ ಎಂಬ ಪತ್ರಕರ್ತ 1902ರ ತಮ್ಮ ಪುಸ್ತಕದಲ್ಲಿ ಬರೆದಿರುವಂತೆ, ಹೊಲಿಗೆ ಕಾರ್ಖಾನೆಯಲ್ಲಿ ವಾರಕ್ಕೆ 10 ಡಾಲರ್ ದುಡಿಯುವ ಎಷ್ಟೋ ಬಡವರು ಅದರಲ್ಲಿ 5 ಡಾಲರನ್ನು ನಾಟಕಕ್ಕೆ ಸುರಿಯುತ್ತಿದ್ದರು. ಇಷ್ಟು ಬಡ ಗಿರಾಕಿಗಳನ್ನು ನಂಬಿ ಇಷ್ಟು ದೊಡ್ಡ ಥಿಯೇಟರುಗಳು ನಡೆದದ್ದು ಹೇಗೆ ಎಂಬ ಪ್ರಶ್ನೆ ನನಗೆ ಬಂತು. ಉತ್ತರ ಸಹಾಯಾರ್ಥ ಪ್ರದರ್ಶನ. ಶುಕ್ರವಾರ ರಾತ್ರಿಯಿಂದ ಭಾನುವಾರದವರೆಗೆ ಕಂಪನಿಯೇ ಟಿಕೆಟ್ ಮಾರುತ್ತಿತ್ತು. ವಾರದ ಉಳಿದ ರಾತ್ರಿಗಳಲ್ಲಿ ಇಡೀ ಥಿಯೇಟರನ್ನು ಕಾರ್ಮಿಕ ಸಂಘಗಳಿಗೋ, ಒಂದೇ ಊರಿನಿಂದ ಬಂದವರು ಕಟ್ಟಿಕೊಂಡ ಸಂಘಗಳಿಗೋ ರಿಯಾಯಿತಿ ದರದಲ್ಲಿ ಕೊಡುತ್ತಿದ್ದರು. ಸಂಘದವರು ಟಿಕೆಟುಗಳನ್ನು ತಮ್ಮವರಿಗೆ ಮಾರಿ, ಉಳಿದ ಲಾಭವನ್ನು ಕಾಯಿಲೆಯವರಿಗೆ, ಅಂತ್ಯಕ್ರಿಯೆಗೆ, ಮುಷ್ಕರದಲ್ಲಿ ಕೂಲಿ ಕಳೆದುಕೊಂಡವರಿಗೆ ಬಳಸುತ್ತಿದ್ದರು. ಥಿಯೇಟರಿಗೆ ಮುಂಗಡ ಹಣ ಖಾತ್ರಿ, ನಷ್ಟದ ಭಯವಿಲ್ಲ. ಸಂಘಕ್ಕೆ ನಿಧಿ. ನೋಡುವವನಿಗೆ ತನ್ನ ಊರಿನವರ ಮಧ್ಯೆ ಕೂತು ಅಳುವ, ನಗುವ ಅವಕಾಶ. ವ್ಯವಹಾರ ಅಧ್ಯಯನದ ದೃಷ್ಟಿಯಿಂದ ಇಷ್ಟು ಜಾಣ ಏರ್ಪಾಡನ್ನು ನಾನು ಬೇರೆಲ್ಲೂ ಓದಿಲ್ಲ.

ಆ ಪ್ರೇಕ್ಷಕರು ನಾಟಕವನ್ನು ನಾಟಕವೆಂದು ನೋಡುತ್ತಿರಲಿಲ್ಲ. ಜೇಕಬ್ ಗೋರ್ಡಿನ್ ಬರೆದ 'ಯಹೂದಿ ಕಿಂಗ್ ಲಿಯರ್' 1892ರಲ್ಲಿ ರಂಗಕ್ಕೆ ಬಂತು. ಆಸ್ತಿಯನ್ನೆಲ್ಲ ಮಕ್ಕಳಿಗೆ ಕೊಟ್ಟು ಹಸಿದು ಕೂತ ಅಪ್ಪನಾಗಿ ಜೇಕಬ್ ಆಡ್ಲರ್ ನಟಿಸುತ್ತಿದ್ದಾಗ, ಪ್ರೇಕ್ಷಕನೊಬ್ಬ ಎದ್ದು, ಆ ಮಕ್ಕಳನ್ನು ಬಿಟ್ಟು ನಮ್ಮ ಮನೆಗೆ ಬಾ, ನನ್ನ ಹೆಂಡತಿ ಊಟ ಬಡಿಸುತ್ತಾಳೆ ಎಂದು ಕೂಗಿದನಂತೆ. ಇದೇ ಆಡ್ಲರ್ 1903ರಲ್ಲಿ ಬ್ರಾಡ್‌ವೇ ರಂಗದಲ್ಲಿ ಶೈಲಾಕ್ ಆದರು. ಉಳಿದ ನಟರೆಲ್ಲ ಇಂಗ್ಲಿಷಿನಲ್ಲಿ ಮಾತಾಡಿದರೆ ಅವರೊಬ್ಬರು ಯಿಡ್ಡಿಷಿನಲ್ಲಿ!

ಗೋರ್ಡಿನ್ ಥರದ ಗಂಭೀರ ನಾಟಕಗಳನ್ನು ಪತ್ರಿಕೆಗಳು ಹೊಗಳಿದವು. ಹಾಡು, ಕುಣಿತ, ಕಳೆದುಹೋದ ಮಗ ಸಿಗುವುದು, ಕೊನೆಗೊಂದು ಮದುವೆ, ಇಂಥ ನಾಟಕಗಳಿಗೆ ಅವರು ಇಟ್ಟ ಹೆಸರು 'ಶುಂಡ್', ಅಂದರೆ ಕಸ. ವಿಚಿತ್ರವೆಂದರೆ ಬ್ರಾಡ್‌ವೇ ಸಂಗೀತ ನಾಟಕಕ್ಕೆ ಹೆಚ್ಚು ಹೋದದ್ದು ಈ ಕಸವೇ. ತಿರಸ್ಕಾರಕ್ಕೆ ಒಳಗಾದ ಭಾಷೆ, ಅದರೊಳಗೆ ತಿರಸ್ಕಾರಕ್ಕೆ ಒಳಗಾದ ಪ್ರಕಾರ.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಬ್ರಾಡ್‌ವೇ ಮ್ಯೂಸಿಕಲ್ ಪೂರ್ತಿ ಯಹೂದಿಗಳ ಸೃಷ್ಟಿ ಎಂದು ಹೇಳುವವರಿದ್ದಾರೆ. ನನಗೆ ಅದು ಅತಿಯಾಯಿತು ಅನಿಸುತ್ತದೆ. ವಿಯೆನ್ನಾದ ಅಪೆರೆಟ್ಟಾ ಇದೆ, ಇಂಗ್ಲೆಂಡಿನ ಗಿಲ್ಬರ್ಟ್ ಮತ್ತು ಸಲಿವನ್ ಇದ್ದಾರೆ, ಎಲ್ಲಕ್ಕಿಂತ ಹೆಚ್ಚಾಗಿ ಕಪ್ಪು ಅಮೆರಿಕನ್ನರ ಸಂಗೀತವಿದೆ. ಅಲ್ಲದೆ ಯಹೂದಿ ಸಂಯೋಜಕರೆಲ್ಲ ಯಿಡ್ಡಿಷ್ ಮನೆಯವರಲ್ಲ. 1927ರ 'ಶೋ ಬೋಟ್' ಮಾಡಿದ ಜೆರೋಮ್ ಕರ್ನ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು ಜರ್ಮನ್ ಯಹೂದಿ ಹಿನ್ನೆಲೆ, ಸೆಕೆಂಡ್ ಅವೆನ್ಯೂವಿನ ಗಲಾಟೆಯಿಂದ ದೂರದವರು.

ಆದರೂ ಯಿಡ್ಡಿಷ್ ನಾಟಕದ ಬೆರಳ ಗುರುತು ಎರಡು ಕಡೆ ಸ್ಪಷ್ಟವಾಗಿದೆ. ಒಂದು, ರಾಗ. ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪ್ರಾರ್ಥನೆಯನ್ನು ರಾಗವಾಗಿ ಹೇಳುವವರನ್ನು 'ಹಜ್ಜಾನ್' ಎನ್ನುತ್ತಾರೆ. ನಮ್ಮ ಕಿರಾತಿನ ಹಾಗೆ, ಸಂಪ್ರದಾಯಸ್ಥರಲ್ಲಿ ವಾದ್ಯವಿಲ್ಲ, ಕಂಠ ಮಾತ್ರ. ಇರ್ವಿಂಗ್ ಬರ್ಲಿನ್, ಹೆರಾಲ್ಡ್ ಆರ್ಲೆನ್, ಕರ್ಟ್ ವೈಲ್ ಮೂವರ ತಂದೆಯರೂ ಈ ವೃತ್ತಿಯವರು. ಆ ಪ್ರಾರ್ಥನೆಯಲ್ಲೂ ಯಿಡ್ಡಿಷ್ ಹಾಡಿನಲ್ಲೂ ತುಂಬ ಬಳಕೆಯಾಗುವ ಒಂದು ಸ್ವರಶ್ರೇಣಿಗೆ 'ಫ್ರೇಗಿಷ್' ಎಂದು ಹೆಸರು. ಅರಬ್ ಸಂಗೀತದ ಹಿಜಾಜ್ ಮಕಾಮ್ ಅದಕ್ಕೆ ಹತ್ತಿರದ ನೆಂಟ. ಹಲವು ಮಸೀದಿಗಳ ಅಜಾನ್ ಕೇಳಿಬರುವುದು ಹಿಜಾಜಿನಲ್ಲೇ. ಕರ್ನಾಟಕ ಸಂಗೀತ ಕಲಿತ ಸಹಪಾಠಿಗಳಿಗೆ ಹೇಳುವುದಾದರೆ ಅದು ವಕುಲಾಭರಣದ ಸ್ವರಗಳು: ಶುದ್ಧ ರಿಷಭ, ಅಂತರ ಗಾಂಧಾರ. ಆ ರಿಷಭದಿಂದ ಗಾಂಧಾರಕ್ಕೆ ಹಾರುವ ಅಂತರದಲ್ಲೇ ಅಳು ಇದೆ.

ಕೋಲ್ ಪೋರ್ಟರ್ ಯಹೂದಿಯಲ್ಲ, ಶ್ರೀಮಂತ ಪ್ರೊಟೆಸ್ಟಂಟ್ ಮನೆಯವರು. ಗೆಲ್ಲುವ ಹಾಡು ಬರೆಯುವ ಗುಟ್ಟು ತಮಗೆ ಸಿಕ್ಕಿದೆ, ಇನ್ನು ಮೇಲೆ ಯಹೂದಿ ರಾಗಗಳನ್ನೇ ಬರೆಯುತ್ತೇನೆ ಎಂದು ಅವರು ರಿಚರ್ಡ್ ರಾಜರ್ಸ್‌ಗೆ ಹೇಳಿದ್ದರಂತೆ. ರಾಜರ್ಸ್ ತಮ್ಮ ಆತ್ಮಕಥೆಯಲ್ಲಿ ಇದನ್ನು ನೆನೆದಿದ್ದಾರೆ. ಮೊದಲು ಅವರು ತಮಾಷೆ ಎಂದುಕೊಂಡಿದ್ದರು, ಪೋರ್ಟರ್ ಹೇಳಿದ್ದು ನಿಜವಾಗಿಯೇ.

ಎರಡನೆಯದು, ಜನ. ಸೆಕೆಂಡ್ ಅವೆನ್ಯೂವಿನ ಮಕ್ಕಳು ಅಪ್ಪ ಅಮ್ಮನ ಪಕ್ಕ ಕೂತು ನಾಟಕ ನೋಡಿ ಬೆಳೆದರು, ದೊಡ್ಡವರಾಗಿ ಇಂಗ್ಲಿಷಿನಲ್ಲಿ ಬರೆದರು. ಆರ್ಲೆನ್ ಜೊತೆ 'ಓವರ್ ದ ರೇನ್‌ಬೋ' ಬರೆದ ಯಿಪ್ ಹಾರ್ಬರ್ಗ್ ಅಂಥವರು. ಜಾರ್ಜ್ ಗರ್ಶ್‌ವಿನ್ ಹುಡುಗನಾಗಿದ್ದಾಗ ಥೊಮಾಷೆಫ್‌ಸ್ಕಿ ಆತನನ್ನು ಸೆಕುಂಡಾ ಜೊತೆ ಸೇರಿಸಿ ನಾಟಕ ಮಾಡಿಸಲು ನೋಡಿದರಂತೆ. ಶಾಸ್ತ್ರ ಕಲಿಯದ ಹುಡುಗನ ಜೊತೆ ಕೆಲಸ ಮಾಡುವುದಿಲ್ಲ ಎಂದು ಸೆಕುಂಡಾ ಬೇಡವೆಂದರು. ಈ ಕಥೆ ಹೇಳುತ್ತಿದ್ದವರು ಸೆಕುಂಡಾ ಅವರೇ. ಹದಿನೈದು ಡಾಲರಿನ ವ್ಯಕ್ತಿಯೇ, ನೋಡಿ.

ಈ ಜನರಲ್ಲಿ ನನಗೆ ಹೆಚ್ಚು ಇಷ್ಟವಾದವರು ಮಾಲಿ ಪಿಕಾನ್. 1898ರಲ್ಲಿ ನ್ಯೂಯಾರ್ಕಿನಲ್ಲೇ ಹುಟ್ಟಿದವರು, ಅವರ ಯಿಡ್ಡಿಷ್ ಅಷ್ಟಕ್ಕಷ್ಟೆ. ಪತಿ ಜೇಕಬ್ ಕಾಲಿಚ್ ಅವರನ್ನು ಯುರೋಪಿಗೆ ಕರೆದುಕೊಂಡು ಹೋಗಿ ಅಲ್ಲಿನ ಊರುಗಳಲ್ಲಿ ಆಡಿಸಿ ಭಾಷೆ ತಿದ್ದಿಸಿದರು. ಮರಳಿ ಬಂದು ಸೆಕೆಂಡ್ ಅವೆನ್ಯೂವಿನ ರಾಣಿಯಾದರು. ಪುಟ್ಟ ದೇಹ, ಹೆಚ್ಚಾಗಿ ಹುಡುಗನ ವೇಷ. 1961ರಲ್ಲಿ ಬ್ರಾಡ್‌ವೇಯ 'ಮಿಲ್ಕ್ ಆಂಡ್ ಹನಿ'ಯಲ್ಲಿ ಇಂಗ್ಲಿಷಿನಲ್ಲಿ ಹಾಡಿದರು.

ಎರಡೂ ರಂಗಭೂಮಿಗಳು ಕಣ್ಣೆದುರೇ ಕೂಡುವುದು 'ಫಿಡ್ಲರ್ ಆನ್ ದ ರೂಫ್' ನಾಟಕದಲ್ಲಿ. 1964ರಲ್ಲಿ ಶುರುವಾಗಿ 3,242 ಪ್ರದರ್ಶನ ಕಂಡಿತು, ಬ್ರಾಡ್‌ವೇಯಲ್ಲಿ ಆವರೆಗಿನ ದಾಖಲೆ. ಕಥೆ ಯಿಡ್ಡಿಷ್ ಲೇಖಕ ಶೋಲೆಮ್ ಅಲೈಖೆಮ್ ಅವರದು. ರಂಗಸಜ್ಜಿಕೆ ಮಾಡಿದ ಬೋರಿಸ್ ಆರನ್‌ಸನ್ ಅಮೆರಿಕದಲ್ಲಿ ಕೆಲಸ ಶುರು ಮಾಡಿದ್ದು ಯಿಡ್ಡಿಷ್ ಥಿಯೇಟರಿನಲ್ಲಿ. ಹಾಲು ಮಾರುವ ಟೆವಿಯೆ, ಅವನ ಹೆಣ್ಣುಮಕ್ಕಳು, ಒಬ್ಬೊಬ್ಬಳದೂ ಒಂದೊಂದು ಮದುವೆಯ ಹಟ. ಮೊದಲಿನವಳು ಬಡ ದರ್ಜಿಯನ್ನು, ಎರಡನೆಯವಳು ಕ್ರಾಂತಿಕಾರಿಯನ್ನು ಮೆಚ್ಚಿದಾಗ ಅಪ್ಪ ಗೊಣಗಿ ಒಪ್ಪುತ್ತಾನೆ. ಮೂರನೆಯವಳು ಖಾವಾ ಧರ್ಮದ ಹೊರಗೆ ಮದುವೆಯಾದಾಗ ಅವನಿಗೆ ಆಗುವುದಿಲ್ಲ. ನಮ್ಮ ಮನೆಗಳಲ್ಲೂ ದೊಡ್ಡವರು ದನಿ ತಗ್ಗಿಸಿ ಮಾತಾಡುವ ವಿಷಯ ಇದು.

ಶೋಲೆಮ್ ಅಲೈಖೆಮ್ ಬರೆದ ಕಥೆಯಲ್ಲಿ, ಊರು ಬಿಡಬೇಕಾದ ದಿನ ಖಾವಾ ಅಪ್ಪನ ಬಳಿಗೆ ಮರಳಿ ಬರುತ್ತಾಳೆ. ಮಾರಿಸ್ ಶ್ವಾರ್ಟ್ಸ್ 1939ರಲ್ಲಿ ತೆಗೆದ ಯಿಡ್ಡಿಷ್ ಸಿನಿಮಾದಲ್ಲೂ ಗಂಡನನ್ನು ಬಿಟ್ಟು ಬರುತ್ತಾಳೆ. ಬ್ರಾಡ್‌ವೇಯಲ್ಲಿ ಹಾಗಲ್ಲ. ಅವಳು ಗಂಡನ ಜೊತೆಗೇ ಹೋಗುತ್ತಾಳೆ, ಟೆವಿಯೆ ಮುಖ ತಿರುಗಿಸಿಕೊಂಡೇ ಒಂದು ಆಶೀರ್ವಾದವನ್ನು ಗೊಣಗುತ್ತಾನೆ. 1964ರ ಅಮೆರಿಕನ್ ಪ್ರೇಕ್ಷಕರಿಗೆ ಮರಳಿ ಬರುವ ಮಗಳು ರುಚಿಸುತ್ತಿರಲಿಲ್ಲ ಎಂದು ಕಾಣುತ್ತದೆ. ಬ್ರಾಡ್‌ವೇ ರಾಗವನ್ನು ತೆಗೆದುಕೊಂಡಿತು, ನಗುವನ್ನು ತೆಗೆದುಕೊಂಡಿತು, ಬೇಕಾದಲ್ಲಿ ಕೊನೆಯನ್ನು ಬದಲಿಸಿಕೊಂಡಿತು. ಆದರೂ ನಾಟಕ ಟೋಕಿಯೋಗೆ ಹೋದಾಗ ಅಲ್ಲಿನ ನಿರ್ಮಾಪಕರು ಬರಹಗಾರ ಜೋಸೆಫ್ ಸ್ಟೈನ್‌ರನ್ನು ಕೇಳಿದರಂತೆ: ಇದು ಇಷ್ಟು ಜಪಾನಿ ಕಥೆ, ಅಮೆರಿಕದವರಿಗೆ ಅರ್ಥವಾಗುತ್ತದೆಯೇ?

ಅಷ್ಟರಲ್ಲಿ ಯಿಡ್ಡಿಷ್ ರಂಗಭೂಮಿ ಬಹುಪಾಲು ಮುಗಿದಿತ್ತು. ಅಮೆರಿಕದಲ್ಲಿ ಮಕ್ಕಳು ಇಂಗ್ಲಿಷಿಗೆ ಹೋದರು, ಹಡಗುಗಳಲ್ಲಿ ಹೊಸ ಪ್ರೇಕ್ಷಕರು ಬರಲಿಲ್ಲ. ಅದು ಒಂದು ಥರದ ಮುಗಿಯುವುದು. ಯುರೋಪಿನಲ್ಲಿ ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದರು, ಅವರಲ್ಲಿ ಬಹುಪಾಲು ಜನರ ಮಾತು ಯಿಡ್ಡಿಷ್. ಸೋವಿಯತ್ ದೇಶದಲ್ಲಿ ನಟ ಸೊಲೊಮನ್ ಮಿಖೋಯೆಲ್ಸ್ ಅವರನ್ನು ಸ್ಟಾಲಿನ್ ಆಡಳಿತ 1948ರಲ್ಲಿ ಕೊಲ್ಲಿಸಿತು, ಮರುವರ್ಷ ಅವರ ಮಾಸ್ಕೋ ಥಿಯೇಟರನ್ನು ಮುಚ್ಚಿತು. ಇದು ಬೇರೆ ಥರ.

ನ್ಯೂಯಾರ್ಕಿನಲ್ಲಿ 1915ರಲ್ಲಿ ಶುರುವಾದ ಫೋಕ್ಸ್‌ಬೀನೆ ಎಂಬ ತಂಡ ಇಂದಿಗೂ ಯಿಡ್ಡಿಷ್ ನಾಟಕ ಆಡುತ್ತಿದೆ. 2018ರಲ್ಲಿ ಅವರು 'ಫಿಡ್ಲರ್' ನಾಟಕವನ್ನೇ ಯಿಡ್ಡಿಷಿನಲ್ಲಿ ಆಡಿದರು, ನಿರ್ದೇಶನ ಜೋಯೆಲ್ ಗ್ರೇ ಅವರದು. ಹಲವು ನಟರಿಗೆ ಯಿಡ್ಡಿಷ್ ಬರುತ್ತಿರಲಿಲ್ಲ, ಉಚ್ಚಾರಣೆ ಕಲಿತು ಬಾಯಿಪಾಠ ಮಾಡಿದರು. ಪ್ರೇಕ್ಷಕರಿಗಾಗಿ ಇಂಗ್ಲಿಷ್ ಮತ್ತು ರಷ್ಯನ್ ಸಾಲುಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಕೆಲವೇ ವಾರಗಳಿಗೆ ಅಂದುಕೊಂಡದ್ದು ಮುಂದುವರಿದು, ದೊಡ್ಡ ಥಿಯೇಟರಿಗೆ ಹೋಗಿ, 2020ರ ಜನವರಿಯವರೆಗೆ ನಡೆಯಿತು. ಅವರು ಬಳಸಿದ್ದು ಶ್ರಾಗಾ ಫ್ರೀಡ್‌ಮನ್ 1960ರ ದಶಕದಲ್ಲಿ ಮಾಡಿದ ಅನುವಾದ. ಟೆವಿಯೆ ತಾನು ಶ್ರೀಮಂತನಾದರೆ ಏನೇನು ಮಾಡುತ್ತೇನೆ ಎಂದು ಹಾಡುವ ಪ್ರಸಿದ್ಧ ಹಾಡು ಇಂಗ್ಲಿಷಿನಲ್ಲಿ ಬರೀ 'ಶ್ರೀಮಂತ' ಎನ್ನುತ್ತದೆ. ಅದರ ಬೀಜ ಶೋಲೆಮ್ ಅಲೈಖೆಮ್ ಬರೆದ, ಬಡ ಮೇಷ್ಟರೊಬ್ಬ ತಾನು ರಾಥ್‌ಸ್ಚೈಲ್ಡ್ ಆದರೆ ಎಂದು ಕನಸು ಕಾಣುವ ಸ್ವಗತದಲ್ಲಿದೆ. ಫ್ರೀಡ್‌ಮನ್ 'ಶ್ರೀಮಂತ'ನನ್ನು ತೆಗೆದು, ಯುರೋಪಿನ ಆ ಬ್ಯಾಂಕರ್ ಮನೆತನದ ಹೆಸರನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದರು.